ಝೈದನ ಪಾಲು

ನಾನು ದಪ್ಪಗಿದ್ದೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಇಡೀ ಕಥೆ ಶುರುವಾಗುವುದೇ ಅಲ್ಲಿಂದ. ನಾನು ಹುಟ್ಟಿದ್ದು ಬರಗಾಲದಲ್ಲಿ. ಸಕ್ಕರೆಗೂ ಕೂಪನ್, ಎಣ್ಣೆಗೂ ಕೂಪನ್, ಸತ್ತವರಿಗೆ ಸುತ್ತುವ ಬಟ್ಟೆಗೂ ಕೂಪನ್ ಇದ್ದ ವರ್ಷ ಅದು. ಮರುಭೂಮಿಯಂಚಿನ ನಮ್ಮ ತಾಫಿಲಾಲ್ತ್ ಸೀಮೆಯ ಮುದುಕರು ಇವತ್ತಿಗೂ ಅದನ್ನು ಕೂಪನ್ ವರ್ಷ ಎಂದೇ ಕರೆಯುತ್ತಾರೆ. ಅಂಥ ವರ್ಷದಲ್ಲಿ ಹುಟ್ಟಿಯೂ ನಾನು ಕೆನ್ನೆ ತುಂಬಿಕೊಂಡು ಬೆಳೆದೆ. ಝೈದ್ ಬೆಳೆಯಲಿಲ್ಲ. ನಮ್ಮ ಕೋಟೆಯೂರಿನಲ್ಲಿ ಮನೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿವೆ, ಒಂದು ಮನೆಯ ಪಿಸುಮಾತು ಮೂರನೆಯ ಮನೆಯ ಚಾವಣಿಗೆ ಕೇಳುತ್ತದೆ. ಹೀಗಾಗಿ ನನಗೆ ಮಾತು ಬರುವ ಮೊದಲೇ ನನ್ನ ಬಗ್ಗೆ ಮಾತು ತಯಾರಾಗಿತ್ತು. ತೂದಾ ಎಂಬ ಹೆಸರು ಆಮೇಲಿನದು. ಮೊದಲ ಹೆಸರು, ಝೈದನ ಪಾಲು ಕುಡಿದವಳು.

ನನ್ನನ್ನು ಹೆತ್ತ ಮೂರನೆಯ ದಿನ ನನ್ನ ತಾಯಿ ತೀರಿಕೊಂಡಳು. ಅಪ್ಪ ಕೂಲಿ ಹುಡುಕಿಕೊಂಡು ಉತ್ತರಕ್ಕೆ ಹೋದವನು ಹೋದವನೇ. ಅಜ್ಜಿ ಫಾದ್ಮಾ ನನ್ನನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಐದು ಬಾಗಿಲು ಆಚೆಗಿದ್ದ ಮಬಾರಕಾಳ ಮನೆಗೆ ಹೋದಳು. ಮಬಾರಕಾಳ ಗಂಡ ಜ್ವರದಲ್ಲಿ ಸತ್ತಿದ್ದ, ಕೈಯಲ್ಲಿ ಎರಡು ತಿಂಗಳ ಝೈದ್ ಇದ್ದ. ನಮ್ಮಜ್ಜಿಯ ಬಳಿ ಯಾರಿಗೂ ತಿಳಿಯದಂತೆ ನೆಲದಡಿ ಹೂತಿಟ್ಟ ಒಂದು ಮಡಕೆ ಬಾರ್ಲಿ ಇತ್ತು. ಅದರಲ್ಲಿ ದಿನಕ್ಕೆ ಎರಡು ಹಿಡಿ ಮಬಾರಕಾಳಿಗೆ, ಮಬಾರಕಾಳ ಹಾಲು ನನಗೆ. ಹಾಲು ಬಿಡುವ ತನಕ ಅವಳ ಮನೆಯಲ್ಲೇ ಇದ್ದೆ, ಆಮೇಲೆ ಅಜ್ಜಿಯ ಜೊತೆ. ನಾನು ಐದು ವರ್ಷದವಳಿದ್ದಾಗ ಅಜ್ಜಿಯೂ ಹೋದಳು. ಮಬಾರಕಾ ಬಂದು ನನ್ನ ಕೈ ಹಿಡಿದು ತನ್ನ ಮನೆಗೆ ಕರೆದುಕೊಂಡು ಹೋದಳು, ನಾನು ಅವಳನ್ನು ಅಮ್ಮ ಎಂದೆ. ಹಾಲು ಕೊಟ್ಟವಳನ್ನು ಇನ್ನೇನೆಂದು ಕರೆಯುವುದು?

ಝೈದನಿಗೆ ಎರಡನೆಯ ವರ್ಷ ವಿಪರೀತ ಜ್ವರ ಬಂದು ಎಡಗಾಲು ಸೊರಗಿತ್ತು. ಆದರೆ ಊರಿನವರು ಜ್ವರದ ಲೆಕ್ಕ ಇಡಲಿಲ್ಲ, ಹಾಲಿನ ಲೆಕ್ಕ ಇಟ್ಟರು. ಕಾಲುವೆಯ ಬಳಿ ಹೆಂಗಸರು ಉಣ್ಣೆ ತೊಳೆಯುವಾಗ ನಾವಿಬ್ಬರೂ ದಂಡೆಯಲ್ಲಿ ಕೂತಿರುತ್ತಿದ್ದೆವು. ಪಕ್ಕದ ಮನೆಯ ಯಾಮ್ನಾ ಚಿಕ್ಕಮ್ಮ ಒಳ್ಳೆಯವಳೇ, ಬಾಯಿ ಮಾತ್ರ ಅವಳ ಕೈಯಲ್ಲಿರಲಿಲ್ಲ.

"ಏ ಮಬಾರಕಾ, ನಿನ್ನ ಹಾಲು ಎಲ್ಲಿಗೆ ಹೋಯ್ತು ಅಂತ ಹುಡುಕ್ಬೇಕಾಗಿಲ್ಲ ಬಿಡು," ಅಂದಳು. "ಇಗೋ, ಇಲ್ಲೇ ಕೂತಿದೆ, ಕೆನ್ನೆ ಉಬ್ಬಿಸ್ಕೊಂಡು."

ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು, ಉಣ್ಣೆಯನ್ನು ಇನ್ನೂ ಜೋರಾಗಿ ಬಡಿದಳು. ನಾನು ನನ್ನ ಕೆನ್ನೆ ಮುಟ್ಟಿ ನೋಡಿಕೊಂಡೆ. ಆಮೇಲೆ ಝೈದನ ಕಾಲು ನೋಡಿದೆ. ನನಗಾಗ ಆರು ವರ್ಷ. ಆರು ವರ್ಷದ ಮಗುವಿಗೆ ತಮಾಷೆ ಎಂದರೇನು, ಸತ್ಯ ಎಂದರೇನು, ಯಾರು ಬಿಡಿಸಿ ಹೇಳುತ್ತಾರೆ? ಅವತ್ತು ನನಗೆ ಅರ್ಥವಾದದ್ದು ಇಷ್ಟು: ಅವನ ಕಾಲು ನನ್ನ ಮೈಯೊಳಗಿದೆ.

ಅವತ್ತಿನ ಊಟಕ್ಕೆ ಮಾಂಸವಿತ್ತು. ನಮ್ಮಲ್ಲಿ ಎಲ್ಲರೂ ಒಂದೇ ತಟ್ಟೆಯ ಸುತ್ತ ಕೂತು ತಮ್ಮ ತಮ್ಮ ಮುಂದಿನ ಕುಸ್ಕುಸ್, ಹಬೆಯಲ್ಲಿ ಬೇಯಿಸಿದ ರವೆ, ತಿನ್ನುತ್ತೇವೆ. ನಡುವೆ ಇರುವ ಮಾಂಸವನ್ನು ಯಾರೂ ಮುಟ್ಟುವಂತಿಲ್ಲ. ಕೊನೆಗೆ ಮನೆಯ ಹಿರಿಯರು ಅದನ್ನು ಹರಿದು ಒಬ್ಬೊಬ್ಬರ ಮುಂದೆ ಅವರ ಪಾಲು ಇಡುತ್ತಾರೆ. ಅಮ್ಮ ನನ್ನ ಮುಂದೆ ಇಟ್ಟ ತುಂಡನ್ನು ನಾನು ಬೆರಳಲ್ಲಿ ತಳ್ಳಿ ಝೈದನ ಮುಂದೆ ಸರಿಸಿದೆ.

ಊಟಕ್ಕೆ ಬಂದಿದ್ದ ಯಾಮ್ನಾ ಚಿಕ್ಕಮ್ಮ ಕಣ್ಣರಳಿಸಿದಳು. "ನೋಡಿದ್ರಾ ಈ ಹುಡುಗೀನ? ಋಣ ಗೊತ್ತು ಕಣ್ರೇ ಇದಕ್ಕೆ. ಅಲ್ಲಾಹು ಚೆನ್ನಾಗಿಟ್ಟಿರಲಿ."

ಹೊಟ್ಟೆ ಹಸಿದಿತ್ತು, ನಿಜ ಹೇಳುತ್ತೇನೆ, ತುಂಬ ಹಸಿದಿತ್ತು. ಆದರೆ ಆ ಮಾತು ಮಾಂಸಕ್ಕಿಂತ ರುಚಿಯಾಗಿತ್ತು. ಬೈಗುಳ ನನ್ನನ್ನು ಹಾಳು ಮಾಡಲಿಲ್ಲ, ಹೊಗಳಿಕೆ ಹಾಳು ಮಾಡಿತು. ಅಂದಿನಿಂದ ನನ್ನ ಪಾಲಿನ ಮಾಂಸ ನಾನು ತಿಂದದ್ದಿಲ್ಲ. ಮೊದಮೊದಲು ಅಮ್ಮ "ತಿನ್ನೇ, ನಿಂದು ಅದು" ಎನ್ನುತ್ತಿದ್ದಳು. ಆಮೇಲೆ ಅದನ್ನೂ ಬಿಟ್ಟಳು. ಝೈದನಿಗಂತೂ ತನ್ನ ಪಾಲು ಎಂದರೆ ಎರಡು ತುಂಡು ಎಂದೇ ಅಭ್ಯಾಸವಾಯಿತು. ಪಾಪ, ಅವನದ್ದೇನು ತಪ್ಪು.

ಏಳು ವರ್ಷಕ್ಕೆ ಅವನನ್ನು ಬೆನ್ನ ಮೇಲೆ ಹೊತ್ತು ಮಸೀದಿಯ ಶಾಲೆಗೆ ಬಿಡತೊಡಗಿದೆ. ಎರಡು ತಿಂಗಳು ದೊಡ್ಡವನಾದ ಅಣ್ಣ, ಹೊರುವವಳು ತಂಗಿ. ದಾರಿಯುದ್ದಕ್ಕೂ ನನ್ನ ಜಡೆ ಎಳೆದು "ಎಡಕ್ಕೆ ನಡಿ ಕತ್ತೆ, ಬಲಕ್ಕೆ ನಡಿ ಕತ್ತೆ" ಎನ್ನುತ್ತಿದ್ದ. ನಾನೂ ಕತ್ತೆಯ ಹಾಗೆ ಕೂಗಿ ಅವನನ್ನು ನಗಿಸುತ್ತಿದ್ದೆ. ಪಾಠ ಮುಗಿಯುವ ತನಕ ಹೊರಗೆ ಗೋಡೆಯ ನೆರಳಲ್ಲಿ ಕೂತಿರುತ್ತಿದ್ದೆ. ಒಳಗಿನ ಮಾತೆಲ್ಲ ಕೇಳುತ್ತಿತ್ತು. ಒಂದು ದಿನ ಗುರುಗಳು ದೊಡ್ಡ ಹುಡುಗರಿಗೆ ಹಾಲಿನ ಸಂಬಂಧದ ವಿಷಯ ಹೇಳುತ್ತಿದ್ದರು. ಒಬ್ಬಳೇ ತಾಯಿಯ ಹಾಲು ಕುಡಿದವರು ಅಣ್ಣ ತಂಗಿ, ಅವರ ನಡುವೆ ಮದುವೆಯಿಲ್ಲ, ಮುಸುಕಿಲ್ಲ, ಮರೆಯಿಲ್ಲ.

"ಎಷ್ಟು ಕುಡಿದಿರ್ಬೇಕು ಗುರುಗಳೇ?" ಯಾರೋ ಕೇಳಿದರು.

"ಒಂದು ಹನಿ ಗಂಟಲಿಗಿಳಿದ್ರೂ ಆಯ್ತು."

ಆ ಮಾತು ಕೇಳಿ ನನಗೆ ಎಷ್ಟು ಸಿಟ್ಟು ಬಂತೆಂದರೆ ಗೋಡೆಗೆ ಕಲ್ಲು ಹೊಡೆದೆ. ಒಂದು ಹನಿ ಸಾಕಾಗಿದ್ದರೆ ನಾನೇಕೆ ಅಷ್ಟು ಕುಡಿದೆ? ಒಂದು ಹನಿ ಕುಡಿದು ಉಳಿದದ್ದು ಅವನಿಗೆ ಬಿಡಬಾರದಿತ್ತೇ? ಅವತ್ತು ವಾಪಸು ಬರುವಾಗ ನಾನು ಕತ್ತೆಯ ಹಾಗೆ ಕೂಗಲಿಲ್ಲ.

ಹತ್ತೊಂಬತ್ತಕ್ಕೆ ಬೆನ್ನಾಸರ್ ಬಂದ. ನೆಲದಡಿಯ ನೀರಿನ ಸುರಂಗಗಳ ಹೂಳೆತ್ತುವವನು, ಮೈಯೆಲ್ಲ ಕೆಂಪು ಮಣ್ಣು, ನಕ್ಕರೆ ಹಲ್ಲು ಮಾತ್ರ ಬೆಳ್ಳಗೆ. ಬಾವಿಯ ಹತ್ತಿರ ನನ್ನನ್ನು ನೋಡಿ, ನನ್ನ ಗಾತ್ರ ನೋಡಿ, "ಬರಗಾಲ ಬಂದ್ರೂ ಈ ಮನೆಗೆ ಭಯ ಇಲ್ಲ" ಅಂದಿದ್ದ. ನಾನು ಕೊಡದಲ್ಲಿದ್ದ ನೀರನ್ನು ಅವನ ಕಾಲ ಮೇಲೆ ಸುರಿದಿದ್ದೆ. ಹೀಗೆ ಶುರುವಾಯಿತು. ಅವನ ತಾಯಿ ವಾಡಿಕೆಯಂತೆ ಗೋಪುರದಾಕಾರದ ಸಕ್ಕರೆ ಅಚ್ಚು ಹಿಡಿದುಕೊಂಡು ಹೆಣ್ಣು ಕೇಳಲು ಬಂದಳು. ಮದುವೆಯಾದರೆ ದೂರದ ಮೆಕ್ನೆಸ್ ಪಟ್ಟಣದಲ್ಲಿ ಸಂಸಾರ. ನನಗೆ ಹೋಗುವ ಮನಸ್ಸಿತ್ತು. ಎಷ್ಟು ಮನಸ್ಸಿತ್ತು ಎಂದು ಈಗ ಹೇಳಲು ನಾಚಿಕೆಯಾಗುತ್ತದೆ.

"ಝೈದನ್ನ ಯಾರು ನೋಡ್ಕೊಳ್ತಾರೆ?" ಅಂದೆ ನಾನೇ. ಯಾರೂ ಕೇಳುವ ಮೊದಲೇ.

ಅಮ್ಮ ಹಿಟ್ಟು ನಾದುತ್ತಿದ್ದಳು. ಅವಳ ಕೈ ನಿಂತಿತು. ಏನೋ ಹೇಳಲು ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ನಾದತೊಡಗಿದಳು. ಹೋಗಬೇಡ ಎನ್ನಲು ಬಾಯಿ ಬರಲಿಲ್ಲ ಎಂದುಕೊಂಡೆ ನಾನು. ಸಕ್ಕರೆ ವಾಪಸು ಹೋಯಿತು. ಬೆನ್ನಾಸರ್ ಮರುವರ್ಷ ರಿಸಾನಿ ಊರಿನ ಹುಡುಗಿಯನ್ನು ಮದುವೆಯಾದ. ಊರೆಲ್ಲ ನನ್ನನ್ನು ಹೊಗಳಿತು.

ಝೈದ್ ದರ್ಜಿಯಾದ. ಅವನಿಗೂ ಒಂದು ಮದುವೆ ಮಾಡಿದೆವು. ಎಂಟು ತಿಂಗಳಿಗೆ ಆ ಹುಡುಗಿ ಬಟ್ಟೆಯ ಗಂಟು ಕಟ್ಟಿಕೊಂಡು ತವರಿಗೆ ನಡೆದಳು. ಹೊಸ್ತಿಲಲ್ಲಿ ನಿಂತು ನನಗೆ ಹೇಳಿದಳು: "ಈ ಮನೇಲಿ ಹೆಂಡತಿ ಮಾಡೋ ಕೆಲಸಾನೆಲ್ಲ ನೀವೇ ಮಾಡಿ ಮುಗಿಸಿದ್ದೀರಿ ಅತ್ತಿಗೆ. ನನಗೇನೂ ಉಳಿಸಿಲ್ಲ." ಆಗ ಅವಳನ್ನು ಸೊಕ್ಕಿನವಳು ಎಂದು ಬೈದಿದ್ದೆ. ಈಗ ಬೈಯುವುದಿಲ್ಲ.

ನಿಲುವಂಗಿಯ ಎದೆಯಂಚಿಗೆ ಹೆಣೆದ ಪಟ್ಟಿ ಕೂರಿಸುವ ಕೆಲಸ ಒಬ್ಬರಿಂದ ಆಗುವುದಲ್ಲ. ದರ್ಜಿ ಚಾಪೆಯ ಮೇಲೆ ಕೂತು ಸೂಜಿ ಹಾಕುತ್ತಾನೆ. ಇನ್ನೊಬ್ಬರು ಎರಡು ಮಾರು ದೂರದಲ್ಲಿ ಅವನ ಎದುರು ನಿಂತು, ದಾರದ ಎಳೆಗಳನ್ನು ಬೆರಳಿಗೆ ಸುತ್ತಿಕೊಂಡು, ಒಂದೊಂದು ಹೊಲಿಗೆಗೂ ಈ ಕೈಯ ಎಳೆ ಆ ಕೈಗೆ ದಾಟಿಸುತ್ತಿರಬೇಕು. ಮೂವತ್ತೇಳು ವರ್ಷ ಅವನ ದಾರ ಹಿಡಿದವಳು ನಾನು. ಅವನು ತುಂಬ ನೇಮಸ್ಥ. ಗಿರಾಕಿ ಹೆಂಗಸರು ಬಂದರೆ ಕಣ್ಣು ಸೂಜಿಯಿಂದ ಮೇಲೇಳುವುದಿಲ್ಲ, ಕೈ ಕುಲುಕುವುದಂತೂ ದೂರ. ನನ್ನ ಜೊತೆ ಮಾತ್ರ ಬೆಳಗಿನಿಂದ ಸಂಜೆಯ ತನಕ ಮುಚ್ಚಿದ ಕೋಣೆಯಲ್ಲಿ, ನನ್ನ ತಲೆಯ ಮೇಲೆ ಬಟ್ಟೆಯಿರಲಿ ಇಲ್ಲದಿರಲಿ, ಹಾಡು, ಜಗಳ, ಚಾಡಿ, ನಗು. ಒಂದು ಸಲ ಕೇಳಿದ್ದೆ, "ನಾನು ತಂಗಿ ಆಗಿರ್ದಿದ್ರೆ ಏನ್ ಮಾಡ್ತಿದ್ದೆ?" ಅವನು ತಲೆಯೆತ್ತದೆ ಹೇಳಿದ: "ಏನ್ ಮಾಡೋದು, ಬಾಗಿಲಾಚೆ ನಿಲ್ಲಿಸ್ತಿದ್ದೆ. ಗುಂಡಗಿದ್ದೀಯ ಅಂತ ರಿಯಾಯಿತಿ ಇದೆಯಾ?"

ನನಗೆ ಐವತ್ತೆಂಟು ತುಂಬಿದ ಚಳಿಗಾಲದಲ್ಲಿ ಅಮ್ಮ ಹಾಸಿಗೆ ಹಿಡಿದಳು. ಎಂಬತ್ತು ದಾಟಿತ್ತು, ಮೈಯಲ್ಲಿ ಮೂಳೆ ಬಿಟ್ಟರೆ ಏನೂ ಇರಲಿಲ್ಲ. ಒಂದು ಬೆಳಿಗ್ಗೆ ನಾನು ಬಾರ್ಲಿ ಗಂಜಿ ತೆಗೆದುಕೊಂಡು ಹೋದಾಗ, ಬಾಗಿಲು ಮುಂದೆ ಮಾಡು ಎಂದಳು.

"ಝೈದ ಆಚೆ ಇದ್ದಾನೆ ಅಮ್ಮ, ಅವನಿಗೇನೂ ಕೇಳ್ಸಲ್ಲ."

"ಮುಂದೆ ಮಾಡು ಅಂದೆ."

ಮಾಡಿದೆ. ಅವಳು ಗಂಜಿಯ ಬಟ್ಟಲನ್ನೇ ನೋಡುತ್ತ ಹೇಳಿದಳು. "ತೂದಾ, ನಿನಗೆ ನಾನು ಹಾಲು ಕೊಟ್ಟಿಲ್ಲ."

"ಸರಿ ಸರಿ. ಬಾಯಿ ತೆಗಿ, ಆರಿ ಹೋಗ್ತದೆ."

"ತಲೆ ಕೆಟ್ಟಿಲ್ಲ ನನಗೆ. ಕೇಳು. ನಿನ್ನಜ್ಜಿ ನಿನ್ನನ್ನ ತಂದಾಗ ನನ್ನ ಎದೆ ಬತ್ತಿ ನಾಲ್ಕು ದಿನ ಆಗಿತ್ತು. ಖರ್ಜೂರದ ನೀರು ನೆಕ್ಕಿಸಿ ಝೈದನ್ನ ಉಳಿಸ್ಕೊಂಡಿದ್ದೆ. ಫಾದ್ಮಾ ಬಂದು ನಿಂತ್ಲು, ಒಂದು ಕೈಲಿ ನೀನು, ಮಡಿಲಲ್ಲಿ ಬಾರ್ಲಿ. ಹಾಲಿಲ್ಲ ಅನ್ನೋಕೆ ಬಾಯಿ ತೆಗೆದೆ. ಬಾರ್ಲಿ ನೋಡಿದೆ. ಹೂಂ ಅಂದ್ಬಿಟ್ಟೆ."

ನಾನು ಬಟ್ಟಲು ಕೆಳಗಿಟ್ಟೆ. ಅವಳು ನಿಲ್ಲಿಸಲಿಲ್ಲ, ಎಷ್ಟೋ ವರ್ಷ ಒಳಗೊಳಗೇ ಹೇಳಿ ಅಭ್ಯಾಸವಾದವಳ ಹಾಗೆ ಹೇಳಿದಳು. ಅಜ್ಜಿ ನೋಡಲು ಬಂದಾಗೆಲ್ಲ ನನ್ನನ್ನು ಹೊದಿಕೆಯೊಳಗೆ ಎಳೆದುಕೊಂಡು, ಖರ್ಜೂರದ ನೀರಲ್ಲಿ ಅದ್ದಿದ ಬೆರಳನ್ನು ಬಾಯಿಗಿಡುತ್ತಿದ್ದಳಂತೆ. ಝೈದನಿಗೆಂದು ಸುಳ್ಳು ಹೇಳಿ ಯಾಮ್ನಾಳ ಆಡಿನ ಹಾಲು ಬೇಡಿ ತಂದು ನನಗೆ ಕುಡಿಸುತ್ತಿದ್ದಳಂತೆ. ಅದು ನನ್ನ ಮೈಗೆ ಹಿಡಿಯಿತು. ನನ್ನ ಹಾಲುತಾಯಿ ಒಂದು ಆಡು.

"ನನ್ನ ಹೆಸರಿನ ಬಾರ್ಲಿ ನೀನು ತಿಂದೆ," ಅಂದೆ.

"ತಿಂದೆ. ತಿಂದ ಮೇಲೆ ಹದಿನೈದು ದಿನಕ್ಕೆ ಎದೇಲಿ ಮತ್ತೆ ಹಾಲು ಒಸರ್ತು. ಅದನ್ನ ಝೈದನಿಗೆ ಕೊಟ್ಟೆ."

"ನನಗೆ?"

"ಇಲ್ಲ."

ಆಗ ನನಗೆ ಏನಾಯಿತು ಎಂದು ಸರಿಯಾಗಿ ಹೇಳುತ್ತೇನೆ. ಮೊದಲು ಬಂದದ್ದು ಸಿಟ್ಟಲ್ಲ, ಹೆದರಿಕೆ. ಬೆನ್ನಾಸರ್ ನೆನಪಾಗಲಿಲ್ಲ, ಮಾಂಸದ ತುಂಡುಗಳು ನೆನಪಾಗಲಿಲ್ಲ. ಮಸೀದಿಯ ಗೋಡೆ ನೆನಪಾಯಿತು. ಅದರ ಹಿಂದಿನ ಗುರುಗಳ ದನಿ ನೆನಪಾಯಿತು. ಆಚೆ ಕೂತು ಸೂಜಿಗೆ ದಾರ ಪೋಣಿಸುತ್ತಿರುವವನು ನನಗೆ ಯಾರೂ ಅಲ್ಲ. ಇದು ಅವನಿಗೆ ತಿಳಿದರೆ ಅವತ್ತೇ ಅವನ ಕಣ್ಣು ಸೂಜಿಯ ಮೇಲೆ ಇಳಿಯುತ್ತದೆ, ನಾನು ಬಾಗಿಲಾಚೆ.

ನಾನು ಅವಳ ಕೈ ಹಿಡಿದುಕೊಂಡೆ. "ಅಮ್ಮಾ, ಒಂದು ಹನಿ. ಒಂದೇ ಒಂದು. ಮರೆತು ಕೊಟ್ಟಿರ್ತೀಯ. ನಿದ್ದೆಗಣ್ಣಲ್ಲಿ. ಇಬ್ರೂ ಪಕ್ಕದಲ್ಲೇ ಮಲಗ್ತಿದ್ವಿ, ಅವನ ಬದಲು ನಾನು ಬಾಯಿ ಹಾಕಿರ್ತೀನಿ, ನಿನಗೆ ಗೊತ್ತಾಗಿರಲ್ಲ."

"ಗೊತ್ತಾಗ್ತಿತ್ತು. ಅವನೊಬ್ಬನಿಗೇ ಸಾಲ್ತಿರ್ಲಿಲ್ಲ. ನಾನು ಎಚ್ಚರವಾಗೇ ಇರ್ತಿದ್ದೆ."

"ಒಂದು ಹನಿ ಅಮ್ಮಾ."

"ಇಲ್ಲ ಮಗಳೇ."

ಜೀವಮಾನವಿಡೀ ಆ ಹಾಲು ಕುಡಿದದ್ದಕ್ಕೆ ನನ್ನನ್ನೇ ಶಪಿಸಿಕೊಂಡವಳು ನಾನು. ಅವತ್ತು ಅದರ ಒಂದು ಹನಿಗೆ ಮುದುಕಿಯ ಹಾಸಿಗೆಯ ಪಕ್ಕದಲ್ಲಿ ಭಿಕ್ಷುಕಿಯ ಹಾಗೆ ಕೈಯೊಡ್ಡಿದೆ.

"ಯಾಕೆ ಹೇಳ್ಲಿಲ್ಲ?" ಎಂದೆ ಕೊನೆಗೆ.

"ದೊಡ್ಡವಳಾದ ಮೇಲೆ ಹೇಳೋಣ ಅಂದ್ಕೊಂಡೆ. ಅಷ್ಟರಲ್ಲಿ ನೀನು ಅವನನ್ನ ಬೆನ್ನ ಮೇಲೆ ಹೊತ್ಕೊಂಡು ಹೋಗ್ತಿದ್ದೆ. ಆ ಹೂಳೆತ್ತೋ ಹುಡುಗ ಬಂದಾಗ ಹೇಳ್ಬೇಕಿತ್ತು. ಬಾಯಿ ತೆಗೆದೆ. ನೀನು ಹೋದ್ರೆ ನನ್ನ ಮಗನ ಗತಿ ಏನು ಅನ್ನಿಸ್ತು." ಅವಳ ಕಣ್ಣಲ್ಲಿ ನೀರಿರಲಿಲ್ಲ, ಒಣಗಿ ಹೋಗಿತ್ತು. "ಝೈದನಿಗೆ ಹೇಳೋದು ಬಿಡೋದು ನಿನಗೆ ಬಿಟ್ಟಿದ್ದು. ನನಗೆ ನಿನ್ನ ಬಾಯಿಂದ ಒಂದು ಮಾತು ಬೇಕು. ಕ್ಷಮಿಸಿದೆ ಅನ್ನು."

"ನಿನ್ನ ಭಾರ ಇಳಿಸೋಕೂ ನನ್ನ ಬೆನ್ನೇ ಬೇಕಾಯ್ತಾ ನಿನಗೆ?" ಎಂದೆ. ಎದ್ದು ಹೊರಗೆ ಬಂದೆ. ಕ್ಷಮಿಸಿದೆ ಎನ್ನಲಿಲ್ಲ.

ಅಂಗಳದಲ್ಲಿ ಝೈದ್ ಒಬ್ಬ ಮದುಮಗನ ನಿಲುವಂಗಿ ಹರವಿಕೊಂಡು ಕೂತಿದ್ದ. "ಎಲ್ಲಿ ಸತ್ತಿದ್ದೆ? ಹಿಡಿ ದಾರ." ಹಿಡಿದೆ. ನನ್ನ ತಲೆಯ ಮೇಲೆ ಬಟ್ಟೆ ಇರಲಿಲ್ಲ. ಕೂದಲೊಳಗೆ ಚಳಿಗಾಳಿ ಹೊಕ್ಕು ಓಡಾಡಿತು, ಹಾಗೆ ಯಾವತ್ತೂ ಆಗಿರಲಿಲ್ಲ. ನಾಲ್ಕನೆಯ ಹೊಲಿಗೆಗೆ ಎಳೆ ತಪ್ಪಿಸಿದೆ. ಅವನು ತಲೆಯೆತ್ತಿ ನನ್ನ ಮುಖ ನೋಡಿದ.

"ಅಮ್ಮನಿಗೆ ಹೆಚ್ಚಾಗಿದೆಯಾ?"

"ಹೂಂ," ಅಂದೆ.

ಮರುದಿನ ಮಧ್ಯಾಹ್ನಕ್ಕೆ ಅಮ್ಮನಿಗೆ ಮೇಲುಸಿರು ಹತ್ತಿತು. ಅಕ್ಕಪಕ್ಕದ ಹೆಂಗಸರು ಕೋಣೆ ತುಂಬಿದರು. ಯಾಮ್ನಾ ಚಿಕ್ಕಮ್ಮ, ಎಂಬತ್ತಾರು ವರ್ಷದ ಮುದುಕಿ, ಕೋಲೂರಿಕೊಂಡು ಬಂದು ತಲೆದಿಂಬಿನ ಪಕ್ಕದಲ್ಲೇ ಕೂತಳು. ನಮ್ಮಲ್ಲಿ ತಾಯಿ ಸಾಯುವಾಗ ಮಕ್ಕಳು ಒಬ್ಬೊಬ್ಬರಾಗಿ ಹೋಗಿ ಕುಡಿದ ಹಾಲಿಗೆ ಕ್ಷಮೆ ಕೇಳಬೇಕು. ಕ್ಷಮಿಸಿದೆ ಎಂದು ಅವಳು ಹೇಳಿದರೆ ಹಾಲಿನ ಋಣ ಹರಿಯಿತು. ಝೈದ್ ಕಾಲೆಳೆದುಕೊಂಡು ಹೋಗಿ ಅವಳ ಹಣೆಗೆ ಮುತ್ತಿಟ್ಟ.

"ನಾನು ಕುಡಿದ ಹಾಲಿಗೆ ನನ್ನನ್ನ ಕ್ಷಮಿಸು ಅಮ್ಮಾ."

"ಕ್ಷಮಿಸಿದೆ ಕಂದಾ." ದನಿ ಸಣ್ಣಗಿದ್ದರೂ ಎಲ್ಲರಿಗೂ ಕೇಳಿಸಿತು.

ಆಮೇಲೆ ಎಲ್ಲರ ಕಣ್ಣೂ ನನ್ನ ಮೇಲೆ ಬಂತು. ನಾನು ಕ್ಷಮೆ ಕೇಳದೆ ಇದ್ದರೆ ಅಲ್ಲೇ ಎಲ್ಲ ಮುಗಿಯುತ್ತಿತ್ತು. ಇವಳು ನನ್ನ ತಾಯಿಯಲ್ಲ, ನಾನು ಕೇಳಬೇಕಾದ ಕ್ಷಮೆ ಏನೂ ಇಲ್ಲ, ಕ್ಷಮೆ ಕೇಳಬೇಕಾದವಳು ಇವಳು ಎಂದುಬಿಡಬಹುದಿತ್ತು. ಐವತ್ತೆರಡು ವರ್ಷದ ಹಿಂದೆ ಕಾಲುವೆ ದಂಡೆಯಲ್ಲಿ ನಕ್ಕವರಲ್ಲಿ ಇಬ್ಬರು ಅಲ್ಲೇ ಇದ್ದರು, ಅವರ ಮುಖಕ್ಕೆ ಹೇಳಬಹುದಿತ್ತು. ನಾನು ಝೈದನ ಮುಖ ನೋಡಿದೆ. ಅವನು ಸರಿದು ನನಗೆ ಜಾಗ ಬಿಟ್ಟ.

ಮಂಡಿಯೂರಿ ಹಣೆಗೆ ಮುತ್ತಿಟ್ಟೆ. "ನಾನು ಕುಡಿದ ಹಾಲಿಗೆ ನನ್ನನ್ನ ಕ್ಷಮಿಸು ಅಮ್ಮಾ," ಅಂದೆ.

ನಾನು ಅವಳಿಗೆ ಕೊಟ್ಟದ್ದು ಅದೇ. ಅದಕ್ಕಿಂತ ದೊಡ್ಡ ಕ್ಷಮೆ ನನ್ನ ಹತ್ತಿರ ಇರಲಿಲ್ಲ. ಅವಳಿಗೆ ಅರ್ಥವಾಯಿತು ಎಂದು ನನಗೆ ಗೊತ್ತು, ಏಕೆಂದರೆ ಒಣಗಿದ್ದ ಕಣ್ಣಲ್ಲಿ ನೀರು ಬಂತು. ಅವಳು ಹೇಳಬೇಕಾದದ್ದು ಒಂದೇ ಮಾತು. ಇನ್ನೊಂದೇ ಒಂದು ಸುಳ್ಳು. ಅವಳ ತುಟಿ ಅಲುಗಿತು. ನನ್ನನ್ನೇ ನೋಡುತ್ತಿದ್ದಳು. ದೇವರ ಮುಂದೆ ನಿಲ್ಲಲು ಕೆಲವೇ ಗಳಿಗೆ ಉಳಿದಿದ್ದವು, ಆ ಸುಳ್ಳು ಅವಳ ಬಾಯಿಂದ ಹೊರಡಲಿಲ್ಲ.

"ಕ್ಷಮಿಸಿದೆ ಅನ್ನು ಮಬಾರಕಾ," ಯಾಮ್ನಾ ಚಿಕ್ಕಮ್ಮ ಬಗ್ಗಿ ಕಿವಿಯಲ್ಲಿ ಹೇಳಿದಳು. "ನಿನ್ನ ಹಾಲು ಕುಡಿದ ಮಗು. ಅನ್ನು."

ಅಮ್ಮ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಹಾಗೇ ಹೋದಳು.

ಕೋಣೆಯಲ್ಲಿ ಯಾರೋ "ಅಲ್ಲಾಹ್" ಅಂದರು, ಅಳು ಎದ್ದಿತು. ಆ ಅಳುವಿನ ನಡುವೆಯೇ ಪಿಸುಮಾತೂ ಎದ್ದದ್ದು ನನಗೆ ಕೇಳಿಸಿತು. ಕ್ಷಮಿಸಲಿಲ್ಲ. ನೋಡಿದೆಯಾ, ಕೊನೆಗೂ ಕ್ಷಮಿಸಲಿಲ್ಲ. ಒಳಗೊಳಗೇ ಇಟ್ಟುಕೊಂಡಿದ್ದಳು ಪಾಪ, ಮಗನ ಕಾಲು ಮರೆಯೋಕಾಗತ್ತಾ ತಾಯಿಗೆ?

ನಾನೇ ಅವಳ ಮೈ ತೊಳೆದೆ. ಆ ಎದೆಯನ್ನೂ ತೊಳೆದೆ. ತಣ್ಣಗಿತ್ತು, ಚರ್ಮ ಮಾತ್ರ ಉಳಿದಿತ್ತು. ಬಟ್ಟೆ ಸುತ್ತುವ ಮುನ್ನ ಬಗ್ಗಿ ಅವಳ ಕಿವಿಯಲ್ಲಿ ಕ್ಷಮಿಸಿದೆ ಎಂದೆ. ಒಂದು ದಿನ ತಡವಾಗಿತ್ತು. ಮೊದಲೇ ಹೇಳಿದ್ದರೆ ಅವಳೂ ಹೇಳುತ್ತಿದ್ದಳೇನೋ, ಗೊತ್ತಿಲ್ಲ. ಈ ಒಂದು ಯೋಚನೆ ನನ್ನನ್ನು ಬಿಡುವುದಿಲ್ಲ.

ಮೂರನೆಯ ದಿನ ಬಂದವರೆಲ್ಲ ಉಂಡು ಹೋದ ಮೇಲೆ ಝೈದ್ ಮತ್ತು ನಾನು ಒಂದೇ ತಟ್ಟೆಯ ಮುಂದೆ ಕೂತೆವು. ಪಕ್ಕದ ಮನೆಯವರು ಕಳಿಸಿದ ಕುಸ್ಕುಸ್, ನಡುವೆ ಮಾಂಸ. ಈಗ ಮನೆಗೆ ಅವನೇ ಹಿರಿಯ. ಹರಿದು ಎರಡು ಪಾಲು ಮಾಡಿದ. ಆಮೇಲೆ ಎರಡನ್ನೂ ನನ್ನ ಮುಂದೆ ಇಟ್ಟ.

"ಇದೇನು?" ಅಂದೆ.

ಅವನು ಸೂಜಿ ಚುಚ್ಚಿ ಚುಚ್ಚಿ ಗಡುಸಾದ ತನ್ನ ಬೆರಳನ್ನು ನೋಡಿಕೊಳ್ಳುತ್ತಿದ್ದ. "ಅಮ್ಮ ಕ್ಷಮಿಸಿದೆ ಅಂದಿಲ್ಲ ಅಂತ ನೀನು ಮೂರು ದಿನದಿಂದ ಒಂದು ತುತ್ತು ತಿಂದಿಲ್ಲ, ನಾನು ನೋಡಿಲ್ವಾ? ಕೇಳು. ಹಾಲು ಅವಳದ್ದೇ ಇರ್ಬಹುದು, ಪಾಲು ನಂದು. ಕ್ಷಮಿಸೋದೂ ನನಗೆ ಬಿಟ್ಟಿದ್ದು." ಬೆರಳು ಮಡಿಚಿಕೊಂಡ. "ನಾನು ಯಾವತ್ತೋ ಕ್ಷಮಿಸಿದ್ದೀನಿ ತಂಗೀ. ಸಣ್ಣೋನಿದ್ದಾಗಲೇ. ನಿನ್ನ ಬೆನ್ನ ಮೇಲೆ ಕೂತಿದ್ದಾಗಲೇ. ತಿನ್ನು."

ತಂಗೀ ಎಂದ. ಆ ಮಾತಿಗೋಸ್ಕರ ನಾನು ಏನು ಕೊಟ್ಟೆ ಎಂದು ಅವನಿಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ನಾನು ಕುಡಿಯದ ಹಾಲಿಗೆ ಇವನು ಐವತ್ತು ವರ್ಷದಿಂದ ನನ್ನನ್ನು ಕ್ಷಮಿಸುತ್ತ ಬಂದಿದ್ದಾನೆ, ನನ್ನ ಪಾಲಿನ ಮಾಂಸ ತಿನ್ನುತ್ತ. ತಿನ್ನೋಣ ಎಂದುಕೊಂಡೆ. ನಿಜವಾಗಿ ತಿನ್ನೋಣ ಎಂದುಕೊಂಡೆ, ಈಗ ನನಗೆ ಎಲ್ಲ ಗೊತ್ತಲ್ಲ, ಈ ತುಂಡು ನನ್ನದೇ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಕೈ ಮುಂದೆ ಹೋಯಿತು. ತುಂಡನ್ನು ಮುಟ್ಟಿತು. ಬೆರಳಲ್ಲಿ ತಳ್ಳಿ ಎರಡನ್ನೂ ಅವನ ಮುಂದೆ ಸರಿಸಿತು.

ಅವನು ನಿಟ್ಟುಸಿರು ಬಿಟ್ಟು ತಿನ್ನತೊಡಗಿದ.